ಉತ್ಸವದ್ರವ್ಯಗಳ ಸುಂಕ: ಒಂದು ಐತಿಹಾಸಿಕ ವಿವೇಚನೆ

ಕಡಲಿಗೆ ಬಹುದೂರವಾದ ಜಗಳೂರು ಸೀಮೆಯ ಸೊಕ್ಕೆಯಂತಹ ಬಯಲುನಾಡಿನ ಊರಿನಲ್ಲಿ ಗಣಪತಿಯ ಚಪ್ಪರಕ್ಕೆ ಇಳಿಬಿಡುವ ಮಿನುಗುದೀಪದ ಸರವೂ ಪ್ಲಾಸ್ಟಿಕ್ ತೋರಣವೂ ಪರದೇಶದಿಂದ ಬಂದವಾಗಿದ್ದ ಪಕ್ಷದಲ್ಲಿ, ಅವು ದಾವಣಗೆರೆಯ ಅಂಗಡಿಯನ್ನು ಸೇರುವುದಕ್ಕೆ ಮುನ್ನವೇ ಬಂದರಿನ ಸುಂಕದ ಕಟ್ಟೆಯಲ್ಲಿ, ಇದು ಹಬ್ಬದ ವಸ್ತುವೋ, ಬರಿಯ ದೀಪವೋ, ಬರಿಯ ಪ್ಲಾಸ್ಟಿಕ್ಕೋ ಎಂಬ ಪರೀಕ್ಷೆಯನ್ನು ದಾಟಿ ಬಂದಿರತಕ್ಕವು. ಈ ಪರೀಕ್ಷೆಯ ಇತಿಹಾಸ ದೀರ್ಘವಾದುದು.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಶುಲ್ಕಾಧ್ಯಕ್ಷ ಪ್ರಕರಣವನ್ನು ನೋಡಿದರೆ, ವಿವಾಹ, ಯಜ್ಞ, ಪ್ರಸವ, ದೇವಪೂಜೆ, ಚೌಲ, ಉಪನಯನ, ವ್ರತ, ದೀಕ್ಷೆ ಮೊದಲಾದ ಕಾರ್ಯಗಳಿಗಾಗಿ ಒಯ್ಯುವ ಸರಕಿಗೆ ಅಲ್ಲಿ ಸುಂಕವೇ ಇಲ್ಲವೆಂದು ತಿಳಿದುಬರುತ್ತದೆ. ಸುಳ್ಳು ಹೇಳಿದವನಿಗೆ ಮಾತ್ರ ಕಳ್ಳತನದ ದಂಡ. ಇಲ್ಲಿ ವಿಚಾರಣೀಯವಾದ ಅಂಶವೆಂದರೆ, ವಿನಾಯಿತಿ ದೊರೆಯುವುದು ವಸ್ತುವಿನ ರೂಪಕ್ಕಲ್ಲ, ಅದರಿಂದ ನಡೆಯಲಿರುವ ಕ್ರಿಯೆಗೆ. ಅಧಿಕಾರಿ ನಂಬಬೇಕಾದುದು ವ್ಯಾಪಾರಿಯ ಮಾತನ್ನು. ಆದುದರಿಂದಲೇ ದಂಡ ಅಷ್ಟು ಕಠಿನ.

ಶಾಸನಗಳ ಕಾಲದಲ್ಲಿ ನೊಳಂಬವಾಡಿ ಪ್ರಾಂತ್ಯವೂ ಸೇರಿದಂತೆ ಕನ್ನಡನಾಡಿನಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳೆಂಬ ಹೆಸರಿನಲ್ಲಿ ಎತ್ತುತ್ತಿದ್ದ ಸುಂಕಗಳಾದರೋ ಬಹುಮಟ್ಟಿಗೆ ಹೇರು, ಬಂಡಿ, ತಲೆಹೊರೆಗಳ ಲೆಕ್ಕದವು. ಶಾಸನಗಳಲ್ಲಿ ಸುಂಕದ ಅಧಿಕಾರಿಗಳಾದ ಪೆರ್ಗಡೆಗಳು ತಮ್ಮ ಹುಟ್ಟುವಳಿಯ ಒಂದಂಶವನ್ನು ದೇವರ ನಂದಾದೀವಿಗೆಗೆ ಬಿಟ್ಟುಕೊಡುವುದನ್ನು ಮೇಲಿಂದ ಮೇಲೆ ಕಾಣುತ್ತೇವೆ. ದೀಪದ ಮೇಲೆ ಸುಂಕ ಹೇರುವ ಇಂದಿನವರಿಗೆ, ಸುಂಕದಿಂದ ದೀಪ ಉರಿಸಿದ ಆ ಪೆರ್ಗಡೆಗಳ ವ್ಯವಹಾರ ವಿಚಿತ್ರವಾಗಿ ತೋರಬಹುದು.

ಇಂದಿನ ಸುಂಕಕ್ಕೆ ಬಂದರೆ, ಭಾರತದ 1975ರ ಸುಂಕದರ ಕಾಯಿದೆ, ಸರಕುಗಳನ್ನೆಲ್ಲ ಸಂಖ್ಯೆಯ ಶೀರ್ಷಿಕೆಗಳಲ್ಲಿ ವಿಂಗಡಿಸುವ ಸಮನ್ವಿತ ನಾಮಾವಳಿಯನ್ನು 1986ರಲ್ಲಿ ಅಂಗೀಕರಿಸಿತು. ಅದಕ್ಕೆ ಪೂರ್ವದ ಬ್ರಸೆಲ್ಸ್ ನಾಮಾವಳಿಯ 97.05ನೆಯ ಶೀರ್ಷಿಕೆ ಕಾರ್ನಿವಲ್ ಹಾಗೂ ವಿನೋದದ ವಸ್ತುಗಳನ್ನಲ್ಲದೆ ಕ್ರಿಸ್‌ಮಸ್ಸಿನ ಅಲಂಕಾರಗಳನ್ನು ಮಾತ್ರ ಬಲ್ಲದಾಗಿತ್ತು. ಹೊಸ ನಾಮಾವಳಿಯ 9505 'ಉತ್ಸವದ ವಸ್ತು'ಗಳೆಂದು ಬಾಗಿಲನ್ನು ಅಗಲಿಸಿತಾದರೂ, ಹೆಸರು ಹಿಡಿದು ಕರೆದದ್ದು ಕ್ರಿಸ್‌ಮಸ್ಸನ್ನು ಮಾತ್ರವೇ. ದಸರೆ, ದೀಪಾವಳಿ, ಗಣೇಶಚೌತಿಗಳೆಲ್ಲ 'ಇತರೆ' ಎಂಬ ಉಪಶೀರ್ಷಿಕೆಯಲ್ಲಿ ಅಡಗಿವೆ. ಇನ್ನು ವಿದ್ಯುದ್ದೀಪದ ಸರ ಈ ಅಧ್ಯಾಯದಲ್ಲಿಯೇ ಇಲ್ಲ; ಅದು 9405ಕ್ಕೆ ಸೇರಿದುದು, ಅಲ್ಲಿಯೂ ಅದಕ್ಕೆ ಇಟ್ಟಿರುವ ಲಕ್ಷಣ 'ಕ್ರಿಸ್‌ಮಸ್ ಮರಕ್ಕೆ ಬಳಸುವ ಬಗೆಯದು' ಎಂಬುದೇ. 2018ರ ಮುಂಗಡಪತ್ರ 9505ರ ಮೂಲಸುಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿತು.

ಮೈಸೂರು ಸೀಮೆಯ ದಸರೆಯ ಗೊಂಬೆಯನ್ನು ಈ ನಾಮಾವಳಿಯ ಮುಂದೆ ಕೂರಿಸಿದರೆ ತೊಡಕು ಸ್ಪಷ್ಟವಾಗುತ್ತದೆ. ಮಗು ಆಡಿದರೆ ಅದು 9503ರ ಆಟಿಕೆ, ಪಿಂಗಾಣಿಯದಾದರೆ 6913ರ ಅಲಂಕಾರಪ್ರತಿಮೆ, ಮರದ್ದಾದರೆ 4420. ನವರಾತ್ರಿಯಲ್ಲಿ ಮೆಟ್ಟಿಲ ಮೇಲೆ ಕೂರುವುದೊಂದೇ ಅದರ ಬಾಳಿನ ಕೆಲಸವಾದುದರಿಂದ ಅದು 9505ಕ್ಕೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಯೇಸುಜನನದ ಗೊಂಬೆಗಳು ಅಲ್ಲಿಗೆ ಸಲ್ಲುವುದಾದರೆ ನವರಾತ್ರಿಯ ಗೊಂಬೆಗಳು ಸಲ್ಲಕೂಡದೇಕೆ? ಆದರೆ ಪೂಜಾಸ್ಥಾನಗಳನ್ನು ಸಿಂಗರಿಸುವ ಬಗೆಯ ಪ್ರತಿಮೆಗಳನ್ನು ನಾಮಾವಳಿಯ ವಿವರಣಾ ಟಿಪ್ಪಣಿ 9505ರಿಂದ ಹೊರಗಿಡುತ್ತದೆ. ಮನೆಯ ನಡುಮನೆಯೇ ಒಂಬತ್ತು ದಿನ ಪೂಜಾಸ್ಥಾನವಾಗುವ ನಮ್ಮ ಪದ್ಧತಿ ಆ ಟಿಪ್ಪಣಿಕಾರರ ಗಮನದಲ್ಲಿದ್ದಂತೆ ತೋರುವುದಿಲ್ಲ.

ಇದೇ ವಿವಾದ ಅಮೆರಿಕದಲ್ಲಿ ನ್ಯಾಯಾಲಯವನ್ನೇರಿತು. ಮಿಡ್‌ವೆಸ್ಟ್ ಆಫ್ ಕ್ಯಾನನ್ ಫಾಲ್ಸ್ ಎಂಬ ವ್ಯಾಪಾರಸಂಸ್ಥೆಯ ವ್ಯಾಜ್ಯದಲ್ಲಿ ಫೆಡರಲ್ ಸರ್ಕ್ಯುಟ್ ನ್ಯಾಯಾಲಯ 1997ರಲ್ಲಿ, ಹಬ್ಬದೊಡನೆ ನಿಕಟ ಸಂಬಂಧವುಳ್ಳ, ಮುಖ್ಯವಾಗಿ ಹಬ್ಬದ ಕಾಲದಲ್ಲಿಯೇ ಬಳಕೆಯಾಗುವ ವಸ್ತು ಉಪಯುಕ್ತವಾಗಿದ್ದರೂ ಉತ್ಸವದ ವಸ್ತುವೇ ಎಂದು ತೀರ್ಮಾನಿಸಿ, ಕುಂಬಳಕಾಯಿಯ ಮುಖವುಳ್ಳ ಲೋಟಗಳನ್ನೂ ಒಳಕ್ಕೆ ಬಿಟ್ಟುಕೊಂಡಿತು. ಕೌಟಿಲ್ಯನ ಕ್ರಿಯಾಪ್ರಧಾನದೃಷ್ಟಿ ಹೀಗೆ ಹಿಂಬಾಗಿಲಿನಿಂದ ಮರಳಿ ಬಂದುದು ಬಹುಕಾಲ ನಿಲ್ಲಲಿಲ್ಲ. ನಾಮಾವಳಿಯ 2007ರ ಪರಿಷ್ಕರಣದಲ್ಲಿ ಊಟದ ಪಾತ್ರೆ, ಉಡುಪು, ಹಾಸಿಗೆ ಮೇಜುಗಳ ಬಟ್ಟೆ ಮೊದಲಾದ ಉಪಯುಕ್ತ ವಸ್ತುಗಳನ್ನು, ಅವುಗಳ ಮೇಲೆ ಯಾವ ಹಬ್ಬದ ಚಿತ್ರವಿದ್ದರೂ, ಆಯಾ ಮೂಲದ್ರವ್ಯದ ಅಧ್ಯಾಯಗಳಿಗೆ ಕಳುಹಿಸಲಾಯಿತು.