ನಮ್ಮ ಗೋಡೆಯ ಮೇಲಿನ ಹಾರುವ ಸರೀಸೃಪ

ವಿಜ್ಞಾನ ಕೋಣೆಯ ಹೊರಗೋಡೆಯ ಮೇಲೆ ಹಸಿರು ಬಣ್ಣದ ಹಾರುವ ಪ್ರಾಣಿಯೊಂದಿದೆ. ಈ ಶಾಲೆಯಲ್ಲಿ ಓದಿದ ಅನೇಕರಿಗೆ ಅದರ ನೆನಪಿದ್ದೀತು. ಚಿತ್ರಕಲಾ ಶಿಕ್ಷಕನಾಗಿ ಬಂದ ಎರಡನೆಯ ವರ್ಷ, ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ನಾನೇ ಅದನ್ನು ಬರೆದೆ. ಯಾವುದೋ ಪುಸ್ತಕದ ಹೆಬ್ಬೆರಳಿನಷ್ಟು ಚಿತ್ರವನ್ನು ಚೌಕುಳಿ ಹಾಕಿ ದೊಡ್ಡದು ಮಾಡಿದೆ. ಕೆಳಗೆ ‘ಹಾರುವ ಡೈನೋಸಾರ್’ ಎಂದು ಬರೆದೆ. ಚಿತ್ರದಲ್ಲಿ ತಪ್ಪು, ಬರಹದಲ್ಲೂ ತಪ್ಪು.

ಮೊದಲು ಕಂಡುಹಿಡಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. “ಸರ್, ತೊಗಲಬಾವಲಿ ರೆಕ್ಕ್ಯಾಗ ಬಟ್ಟ ಇರತಾವ್ರಿ. ಇದಕ್ಕ ಬಟ್ಟ ಎಲ್ಲಿ ಅದಾವ್ರಿ?” ಎಂದು ಕೇಳಿದಳು. “ಪುಸ್ತಕದಾಗ ಹಂಗ ಐತಿ, ಹೋಗಿ ಕೂಡು” ಎಂದೆ. ಆಕೆ ಮತ್ತೆ ಕೇಳಲಿಲ್ಲ. ಈಗ ಸುವರ್ಣ ಮಹೋತ್ಸವಕ್ಕೆ ಸುಣ್ಣಬಣ್ಣ ಆಗಬೇಕು. ಅಳಿಸುವುದೋ, ತಿದ್ದುವುದೋ ಎಂದು ಸಮಿತಿಯವರು ಕೇಳಿದಾಗ ನಾನು ಕೆಲವು ದಿನ ಕಾಲಾವಕಾಶ ಕೇಳಿ ಓದಲು ಕುಳಿತೆ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಾಣಿಗಳ ಹೆಸರು ಟೆರೋಸಾರ್. ಇವು ಡೈನೋಸಾರ್‌ಗಳಲ್ಲ, ಅವುಗಳ ದಾಯಾದಿಗಳು. ಮೊದಲ ಅಸ್ಥಿಪಂಜರ ಸಿಕ್ಕಿದ್ದು ಜರ್ಮನಿಯ ಬವೇರಿಯಾದ ಸುಣ್ಣಕಲ್ಲಿನಲ್ಲಿ. ಮಾನ್‌ಹೈಮ್ ಅರಮನೆಯ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಕೊಲ್ಲೀನಿ 1784ರಲ್ಲಿ ಅದನ್ನು ವರ್ಣಿಸಿದ. ಹಿಂದೆ ವೋಲ್ಟೇರನ ಕಾರ್ಯದರ್ಶಿಯಾಗಿದ್ದವನು ಈತ. ಹಕ್ಕಿಯಲ್ಲ, ಬಾವಲಿಯಲ್ಲ, ಬಹುಶಃ ಸಮುದ್ರದ ಜೀವಿ ಎಂದು ಊಹಿಸಿದ. 1801ರಲ್ಲಿ ಪ್ಯಾರಿಸ್ಸಿನ ಕ್ಯೂವಿಯೇ ಇದು ಹಾರುವ ಸರೀಸೃಪ ಎಂದು ಹೇಳಿದ. ಆತನ ಮುಂದಿದ್ದುದು ಕಲ್ಲಲ್ಲ, ಕೊಲ್ಲೀನಿ ಮುದ್ರಿಸಿದ ಚಿತ್ರ. ಒಂದು ಚಿತ್ರ ಸರಿಯಾಗಿದ್ದರೆ ನೂರಾರು ಮೈಲಿ ದೂರದವನಿಗೂ ಸತ್ಯ ಕಾಣುತ್ತದೆ ಎಂಬುದನ್ನು ಓದಿದಾಗ ನನ್ನ ಗೋಡೆಯ ನೆನಪಾಗಿ ನಾಚಿಕೆಯಾಯಿತು.

ಅದಕ್ಕೂ ಒಂದು ವರ್ಷ ಮೊದಲೇ, 1800ರಲ್ಲಿ, ಸ್ಟ್ರಾಸ್‌ಬರ್ಗಿನ ಪ್ರಾಧ್ಯಾಪಕ ಹೆರ್ಮನ್ ಕ್ಯೂವಿಯೇಗೆ ಬರೆದ ಕಾಗದದ ಜೊತೆ ಒಂದು ರೇಖಾಚಿತ್ರ ಕಳಿಸಿದ್ದ. ಉದ್ದನೆಯ ನಾಲ್ಕನೆಯ ಬೆರಳಿನಿಂದ ಕಾಲಿನವರೆಗೆ ಚರ್ಮದ ರೆಕ್ಕೆ, ಮೈತುಂಬ ಕೂದಲು. ಟೆರೋಸಾರ್‌ಗೆ ಜೀವ ತುಂಬಿ ಬರೆದ ಮೊದಲ ಚಿತ್ರ ಅದು. ಆತ ಅದನ್ನು ಸಸ್ತನಿ ಎಂದುಕೊಂಡಿದ್ದರಿಂದ ಕೂದಲು ಬರೆದ. ಕಾರಣ ತಪ್ಪು, ಕೂದಲು ಹೆಚ್ಚು ಕಡಿಮೆ ಸರಿ! ಕಜಾಕಸ್ತಾನದಲ್ಲಿ ಮೈಮೇಲಿನ ನವಿರು ಸಮೇತ ಸಿಕ್ಕ ಟೆರೋಸಾರನ್ನು ರಷ್ಯದ ಶಾರೋವ್ ವರ್ಣಿಸಿದ್ದು 1971ರಲ್ಲಿ. ನಡುವಿನ ಕಾಲದಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಪ್ರಾಣಿ ಬರೆದರು. 1830ರಲ್ಲಿ ವಾಗ್ಲರ್ ಅದಕ್ಕೆ ಈಜುವ ಕೈಗಳನ್ನು ಕೊಟ್ಟ. 1843ರಲ್ಲಿ ಇಂಗ್ಲೆಂಡಿನ ನ್ಯೂಮನ್ ಕೂದಲಿನ ಬಾವಲಿಯಂತೆ ಬರೆದ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಹಾಕಿನ್ಸ್ ನಿಲ್ಲಿಸಿದ ಮೂರ್ತಿಗಳಿಗೆ ಮೀನಿನಂಥ ಹುರುಪೆ. ನನ್ನ ಹಸಿರು ಪ್ರಾಣಿ ಆ ಹುರುಪೆಯ ವಂಶದ್ದೇ.

ಇಲ್ಲಿ ಒಂದು ಮಾತು ಸೇರಿಸಬೇಕು. ಅನೇಕ ಟೆರೋಸಾರ್‌ಗಳನ್ನು ಕಾಪಾಡಿದ ಬವೇರಿಯಾದ ಝೋಲ್ನ್‌ಹೋಫನ್ ಕಲ್ಲೇ ಕಲ್ಲಚ್ಚಿನ ಕಲ್ಲು. ಸೆನೆಫೆಲ್ಡರ್ 1790ರ ದಶಕದ ಕೊನೆಯಲ್ಲಿ ಕಂಡುಹಿಡಿದ ಈ ಮುದ್ರಣಕ್ಕೆ ಅಷ್ಟು ನಯವಾದ ಕಲ್ಲು ಬೇಕಿತ್ತು. ನಯವಿದ್ದುದರಿಂದಲೇ ಅದರಲ್ಲಿ ರೆಕ್ಕೆಯ ಚರ್ಮದ ಗುರುತೂ ಉಳಿಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಶನ್ನಿನ ಮೊಗ್ಲಿಂಗ್ ಹೊರತಂದದ್ದೂ ಕಲ್ಲಚ್ಚಿನಲ್ಲಿಯೇ, ನ್ಯೂಮನ್ ಕೂದಲು ಬರೆದ ಅದೇ 1843ರಲ್ಲಿ.

ನಮ್ಮ ಕೋಣೆಗಳಿಗೆ ಹಾಸಿದ ತಾಳಿಕೋಟಿಯ ಪರಸಿಯೂ ಸುಣ್ಣಕಲ್ಲೇ, ಅದೂ ನಯವಾದದ್ದೇ. ಆದರೆ ಅದನ್ನು ಒಡೆದು ಟೆರೋಸಾರ್ ಹುಡುಕುವುದು ವ್ಯರ್ಥ. ಅದು ಎಲುಬಿನ ಪ್ರಾಣಿಗಳು ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಕಲ್ಲು. ಬಾಗೇವಾಡಿಯ ಎರೆಮಣ್ಣಿನ ಕಥೆ ಬೇರೆ. ಆ ಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಕಲ್ಲು ಸವೆದು ಆದದ್ದು. ಕೊನೆಯ ಟೆರೋಸಾರ್‌ಗಳು ಅಳಿದದ್ದೂ ಅದೇ ಸುಮಾರಿಗೆ. ಕಾದ ಲಾವಾದಲ್ಲಿ ಎಲುಬು ಉಳಿಯದು. ಆದರೆ ಎರಡು ಲಾವಾ ಪದರಗಳ ನಡುವೆ ಕೆರೆಗಳಿದ್ದವು. ಗುರುಮಠಕಲ್ ಕಡೆ ಅಂಥ ಪದರಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪಿನ ಜೀವಿಗಳ ಪಳೆಯುಳಿಕೆ ಸಿಕ್ಕಿವೆ.

ಭಾರತದಲ್ಲಿ ಟೆರೋಸಾರ್ ಎಂದು ಹೆಸರಿಟ್ಟದ್ದು ಗೋದಾವರಿ ಕಣಿವೆಯ ಕೋಟಾ ಶಿಲೆಗಳಿಂದ ಬಂದ ಒಂದು ದವಡೆಯ ಚೂರಿಗೆ, 1974ರಲ್ಲಿ. ಹೆಸರಿಟ್ಟವರು ಸೋಹನ್‌ಲಾಲ್ ಜೈನ್. ಅದು ಟೆರೋಸಾರ್ ಹೌದೋ ಅಲ್ಲವೋ ಎಂದು ನಂತರದ ವಿದ್ವಾಂಸರು ಸಂಶಯಪಟ್ಟಿದ್ದಾರೆ. ಒಂದು ಚೂರಿನಿಂದ ಇಡೀ ಪ್ರಾಣಿ ಬರೆಯುವ ಕಷ್ಟ ಇದು. ಅಮೆರಿಕದ ಟೆಕ್ಸಾಸಿನಲ್ಲಿ 1971ರಲ್ಲಿ ಲಾಸನ್ ಎಂಬ ವಿದ್ಯಾರ್ಥಿಗೆ ಸಿಕ್ಕ ಕೆಟ್ಸಾಲ್‌ಕೋಟ್ಲಸ್‌ನದೂ ಇಂಥದೇ ಕಥೆ. ರೆಕ್ಕೆಯ ಕೆಲವೇ ಎಲುಬು ನೋಡಿ ಮೊದಲು 15 ಮೀಟರ್ ಹರವು ಎಂದರು. ಈಗ 10–11 ಮೀಟರ್ ಎನ್ನುತ್ತಾರೆ. ಇಷ್ಟಕ್ಕೇ ಇಳಿದರೂ ನಮ್ಮ 20 ಅಡಿಯ ತರಗತಿಯಲ್ಲಿ ಅದು ರೆಕ್ಕೆ ಬಿಚ್ಚಲಾರದು.

ಹುಡುಗಿಯ ಪ್ರಶ್ನೆಗೆ ಉತ್ತರ ಹೀಗಿದೆ. ಬಾವಲಿಯ ರೆಕ್ಕೆಯನ್ನು ನಾಲ್ಕು ಬೆರಳು ಛತ್ರಿಕಡ್ಡಿಯಂತೆ ಬಿಚ್ಚುತ್ತವೆ. ಟೆರೋಸಾರ್ ಕೈಯಲ್ಲಿ ಮೂರು ಬೆರಳು ಸಣ್ಣವು, ಉಗುರಿನವು. ನಾಲ್ಕನೆಯದೊಂದೇ ರೆಕ್ಕೆಯನ್ನು ಹಿಡಿದು ನಿಲ್ಲಿಸುತ್ತದೆ. ಕಿರುಬೆರಳು ಇಲ್ಲವೇ ಇಲ್ಲ. ಹಲವು ಜಾತಿಗಳಲ್ಲಿ ರೆಕ್ಕೆಯ ಅರ್ಧದಷ್ಟು ಉದ್ದ ಆ ಒಂದು ಬೆರಳಿನದೇ. ನೆಲದ ಮೇಲೆ ರೆಕ್ಕೆ ಮಡಚಿ ನಾಲ್ಕು ಕಾಲಿನಲ್ಲಿ ನಡೆಯುತ್ತಿತ್ತು. ಫ್ರಾನ್ಸಿನಲ್ಲಿ ಹೆಜ್ಜೆ ಗುರುತುಗಳೂ ಸಿಕ್ಕಿವೆ. ನಾನು ಬರೆದದ್ದರಲ್ಲಿ ಬೆರಳೇ ಇಲ್ಲ, ಬರಿಯ ಕೊಡೆಬಟ್ಟೆ.

ನಮ್ಮೂರಿನಲ್ಲಿ ಇದನ್ನು ತಿಳಿಸುವುದು ಕಷ್ಟವಲ್ಲ. ಅಣ್ಣ ಬಸವಣ್ಣನವರ ಚಿತ್ರ ಮನೆಮನೆಯಲ್ಲಿದೆ. ಅವು ಎಷ್ಟೋ ಶತಮಾನಗಳ ನಂತರದ ಕಲಾವಿದರು ಭಕ್ತಿಯಿಂದ ಕಲ್ಪಿಸಿದ ಮುಖಗಳು. ನೋಡದ್ದನ್ನು ಬರೆಯುವುದು ತಪ್ಪಲ್ಲ. ನೋಡಬಹುದಾಗಿದ್ದನ್ನು ನೋಡದೆ ಬರೆದೆನಲ್ಲ, ನನ್ನ ತಪ್ಪು ಅದು.

ಹಳೆಯ ಚಿತ್ರ ಅಳಿಸುವುದು ಬೇಡವೆಂದು ಸಮಿತಿಗೆ ಹೇಳಿದ್ದೇನೆ. ಪಕ್ಕದ ಖಾಲಿ ಗೋಡೆಗೆ ಈಗಿನ ಹತ್ತನೆಯ ತರಗತಿಯ ಮಕ್ಕಳು ಸುಣ್ಣದ ಕಡ್ಡಿಯಿಂದ ಹೊಸದನ್ನು ಗೀಚುತ್ತಿದ್ದಾರೆ. ಎಲುಬು ಮೊದಲು, ಆಮೇಲೆ ಚರ್ಮ, ಆಮೇಲೆ ನವಿರು. ಬಣ್ಣ ಯಾವುದು ಎಂಬ ಜಗಳ ಮುಗಿದಿಲ್ಲ. ‘ಡೈನೋಸಾರ್’ ಎಂಬ ಪದದ ಮೇಲೆ ಮಾತ್ರ ಈಗಲೇ ಬಿಳಿ ಬಣ್ಣ ಬಳಿದಿದ್ದೇನೆ. ಆ ಹುಡುಗಿ ಈಗ ಎಲ್ಲಿದ್ದಾಳೋ. ಮಹೋತ್ಸವಕ್ಕೆ ಬಂದರೆ ಗೋಡೆಯ ಹತ್ತಿರ ನಿಂತು ಬಟ್ಟು ಎಣಿಸಲಿ, ಕೈಗೆ ನಾಲ್ಕು ಇರುತ್ತವೆ.