ತೂತು ಮುಚ್ಚುವ ವಿದ್ಯೆ: ಕಲಾಯಿಯಿಂದ ಪುಟ್ಟಿಯವರೆಗೆ

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಗೆ ಹೊರಟರೆ ರಸ್ತೆಬದಿಯ ಗ್ಯಾರೇಜುಗಳಲ್ಲಿ ‘ಟಿಂಕರಿಂಗ್ ಮತ್ತು ಪೇಂಟಿಂಗ್’ ಎಂಬ ಜೋಡಿ ಮಾತು ಕಾಣಸಿಗುತ್ತದೆ. ಪೇಂಟಿಂಗ್ ಎಂದರೇನೆಂದು ಎಲ್ಲರಿಗೂ ಗೊತ್ತು. ಟಿಂಕರಿಂಗ್? ಇಂಗ್ಲೆಂಡಿನಲ್ಲಿ ‘ಟಿಂಕರ್’ ಎಂದರೆ ಊರೂರು ಅಲೆದು ತೂತು ಬಿದ್ದ ಪಾತ್ರೆಗಳನ್ನು ಸರಿಮಾಡುತ್ತಿದ್ದವನು. ಭಾರತದ ಗ್ಯಾರೇಜುಗಳಲ್ಲಿ ಅದೇ ಹೆಸರು ವಾಹನದ ತಗಡು ಕೆಲಸಕ್ಕೆ ಅಂಟಿಕೊಂಡಿತು.

ಹೆಸರು ಪರದೇಶದ್ದು, ವಿದ್ಯೆ ನಮ್ಮವರಿಗೆ ಹೊಸದಲ್ಲ. ಕಲಾಯಿಯವನು ತಾಮ್ರದ ಪಾತ್ರೆಯನ್ನು ಕಾಯಿಸಿ, ನವಸಾಗರ ಹಾಕಿ ಕೊಳೆ ಬಿಡಿಸಿ, ಕರಗಿದ ತವರವನ್ನು ಅರಳೆಯಿಂದ ಸವರುತ್ತಿದ್ದ. ಲೋಹದ ಮೈ ಶುಚಿಯಾಗದೆ ತವರ ಹಿಡಿಯದು ಎಂಬುದು ಅವನ ಮೊದಲ ಪಾಠ. ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕ, ಯುರೋಪಿನ ಮೋಟಾರು ಕಾರ್ಖಾನೆಗಳೂ ಇದನ್ನೇ ಮಾಡಿದವು. ತಗಡಿನ ಬೆಸುಗೆ ಕಾಣದಂತೆ ಮಾಡಲು ಮೊದಲು ತವರ ಸವರಿ, ಮೇಲೆ ಶೇ 70ರಷ್ಟು ಸೀಸ, ಶೇ 30ರಷ್ಟು ತವರ ಬೆರೆತ ಲೋಹವನ್ನು ತುಂಬುತ್ತಿದ್ದರು. ಈ ಮಿಶ್ರಣ ಒಮ್ಮೆಲೇ ನೀರಾಗುವುದಿಲ್ಲ. ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಿಂದ 255 ಡಿಗ್ರಿಯವರೆಗೆ ಬೆಣ್ಣೆಯಂತೆ ಮೆತ್ತಗಿರುತ್ತದೆ. ಕೊಬ್ಬು ಸವರಿದ ಮರದ ಹಲಗೆಯಿಂದ ಅದನ್ನು ಬೇಕಾದಂತೆ ತೀಡಬಹುದು. ನೀರು ಹೀರದು, ಬಿರುಕು ಬಿಡದು. ಆದರೆ ಸೀಸದ ಧೂಳು ವಿಷ, ಕೆಲಸಕ್ಕೆ ನುರಿತ ಕೈ ಬೇಕು.

1950ರ ದಶಕದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ಪುಟ್ಟಿ ಬಂತು. ರಾಳ, ಟಾಲ್ಕ್ ಪುಡಿ, ಜೊತೆಗೆ ಒಂದಿಷ್ಟು ಗಟ್ಟಿಕಾರಕ. ಬೆರೆಸಿ ಬಳಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿ. ಬೆಂಕಿ ಬೇಡ, ಸೀಸ ಬೇಡ. ಕೆಲಸ ಸುಲಭವಾಯಿತು, ಕಳ್ಳದಾರಿಯೂ ಸುಲಭವಾಯಿತು.

ಗದಗ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಕರಾವಳಿಯ ಉಪ್ಪುಗಾಳಿ ಇಲ್ಲಿಲ್ಲ. ಹಾಗಿದ್ದೂ ತಗಡಿಗೆ ಜಂಗು ಹಿಡಿಯಲು ಎರೆಮಣ್ಣೇ ಸಾಕು. ಮಳೆಗಾಲದಲ್ಲಿ ಮುಂಡರಗಿ ಕಡೆಯ ಹೊಲದ ದಾರಿಯಲ್ಲಿ ಗಾಡಿ ಓಡಿಸಿದವರಿಗೆ ಇದು ಗೊತ್ತಿದೆ. ಗಾಲಿಯ ಮೇಲಿನ ಕಮಾನಿಗೆ, ಬಾಗಿಲ ಕೆಳಗಿನ ಮಡಿಕೆಗಳಿಗೆ ಮೆತ್ತಿಕೊಂಡ ಎರೆಮಣ್ಣು ದಿನಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಜಂಗು ಒಳಗಿನಿಂದ ತಿನ್ನುತ್ತ ಬರುತ್ತದೆ. ಹೊರಗೆ ಬಣ್ಣದ ಗುಳ್ಳೆ ಎದ್ದಾಗ ಒಳಗೆ ತಗಡು ಜರಡಿಯಾಗಿರುತ್ತದೆ.

ಸರಿಯಾದ ತೇಪೆಯೆಂದರೆ ಜಂಗು ತಿಂದ ಭಾಗವನ್ನು ಹೊಳೆಯುವ ತಗಡು ಸಿಗುವವರೆಗೂ ಕತ್ತರಿಸಿ ತೆಗೆಯುವುದು. ತೂತು ದೊಡ್ಡದಾಯಿತೆಂದು ಗಾಡಿಯವನು ಗಾಬರಿಯಾಗುವುದು ಇಲ್ಲೇ. ಅದೇ ದಪ್ಪದ ತುಂಡನ್ನು ಅಳತೆಗೆ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ, ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಬೇಕು. ತಗಡು ಒಂದು ಮಿಲಿಮೀಟರಿಗಿಂತ ತೆಳುವಾದ್ದರಿಂದ ಒಂದೇ ಸಲಕ್ಕೆ ಬೆಸೆದರೆ ಕಾವಿಗೆ ಸೊಟ್ಟಗಾಗುತ್ತದೆ. ತುಂಡನ್ನು ಒಂದರ ಮೇಲೊಂದು ಇಟ್ಟು ಬೆಸೆಯುವುದು ಸುಲಭ, ಆದರೆ ಎರಡು ತಗಡಿನ ನಡುವೆ ನೀರು ನಿಂತು ಅಲ್ಲೇ ಜಂಗು ಶುರು. ಬೆಸುಗೆ ತೀಡಿ, ಹಿಂದೆ ದಿಮ್ಮಿ ಕೊಟ್ಟು ಸುತ್ತಿಗೆಯಿಂದ ಸಮ ಮಾಡಿ, ಒಳಮೈಗೂ ಪ್ರೈಮರ್ ಬಳಿದ ಮೇಲಷ್ಟೇ ಪುಟ್ಟಿಯ ಸರದಿ. ಅದೂ ತೆಳ್ಳಗೆ.

ಕೆಲವರು ತೂತಿಗೆ ಜಾಲರಿಯನ್ನೋ ಹಳೆ ಪೇಪರನ್ನೋ ತುರುಕಿ ಮೇಲೆ ಪುಟ್ಟಿ ಮೆತ್ತುತ್ತಾರೆ. ಬಣ್ಣ ಹೊಡೆದ ದಿನ ವ್ಯತ್ಯಾಸ ತಿಳಿಯದು. ಪುಟ್ಟಿ ತೇವ ಹೀರುತ್ತದೆ, ಹೀಗಾಗಿ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಬಾಗಿಲಿಗಾದರೆ ಅಂದ ಕೆಟ್ಟೀತು, ಅಷ್ಟೇ. ನೆಲದ ತಗಡಿಗಾದರೆ ಮಾತು ಬೇರೆ. ಜೀಪಿಗೆ ಕೆಳಗೆ ಪ್ರತ್ಯೇಕ ಚಾಸಿ ಇದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿಗಾಗಲಿ 1983ರಲ್ಲಿ ಬಂದ ಮಾರುತಿ 800ಕ್ಕಾಗಲಿ ಹಾಗಿಲ್ಲ. ಅವುಗಳ ತಗಡಿನ ಮೈಯೇ ಭಾರ ಹೊರುವ ಎಲುಬು. ಅಲ್ಲಿ ಪುಟ್ಟಿ ತುಂಬಿದರೆ ಅಪಘಾತದ ಹೊತ್ತಿಗೆ ಕುಳಿತವರ ಕಾಲ ಕೆಳಗೆ ಗಟ್ಟಿ ತಗಡೇ ಇರುವುದಿಲ್ಲ. ಹಳೆ ಗಾಡಿ ಕೊಳ್ಳುವವರು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಹಿಡಿದು ನೋಡುವುದು ಜಾಣತನ. ದಪ್ಪ ಪುಟ್ಟಿಯಿದ್ದಲ್ಲಿ ಅದು ಕಚ್ಚಿ ಹಿಡಿಯುವುದಿಲ್ಲ.

ಈಗಿನ ಬಹುಪಾಲು ಕಾರುಗಳ ತಗಡಿಗೆ ಸತುವಿನ ಲೇಪ ಇರುತ್ತದೆ. ಬೆಸೆಯುವಾಗ ಆ ಲೇಪ ಸುಟ್ಟುಹೋಗುವುದರಿಂದ ತೇಪೆಯ ಹಿಂಬದಿಗೆ ಸತುವಿನ ಪ್ರೈಮರ್ ಬೇಕೇ ಬೇಕು. ಇನ್ನೊಂದು ಮಾತು. ಬಾಗಿಲ ಅಡಿಯಂಚಿನಲ್ಲಿ ಸಾಲಾಗಿ ಕಾಣುವ ಸಣ್ಣ ತೂತುಗಳು ಕಾರ್ಖಾನೆಯವರೇ ನೀರು ಇಳಿಯಲೆಂದು ಬಿಟ್ಟವು. ಪುಟ್ಟಿಯ ಭರದಲ್ಲಿ ಅವನ್ನೂ ಮುಚ್ಚಿದರೆ ಬಾಗಿಲೊಳಗೆ ನೀರು ನಿಲ್ಲುತ್ತದೆ.