ಅಡುಗೆಕಟ್ಟೆಗೆ ಯಾವ ಕಲ್ಲು? ಮನೆ ಕಟ್ಟಿಸುವವರ ಗಮನಕ್ಕೆ



ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆ ಮನೆ ಕಟ್ಟಿಸುವವರಿಗೆ ಕೊನೆಯಲ್ಲಿ ಬರುವ ಪ್ರಶ್ನೆ ಇದು: ಅಡುಗೆಕಟ್ಟೆಗೆ ಕಡಪ ಕಲ್ಲು ಸಾಕೇ, ಗ್ರಾನೈಟೇ ಬೇಕೇ, ಇಲ್ಲ ಅಂಗಡಿಯವರು ಹೊಸದಾಗಿ ತೋರಿಸುವ ಕ್ವಾರ್ಟ್ಜ್, ಕೋರಿಯನ್ ಹಾಕಿಸಬೇಕೇ? ಆ ಹೊತ್ತಿಗೆ ಕೈಯಲ್ಲಿದ್ದ ಹಣವೂ ಮುಗಿದಿರುತ್ತದೆ. ಒಮ್ಮೆ ಕೂರಿಸಿದ ಕಟ್ಟೆಯನ್ನು ಒಡೆದು ಬದಲಾಯಿಸುವವರು ಕಡಿಮೆ. ಆದ್ದರಿಂದ ಈ ವಿವರ.

ಕಡಪ ಕಲ್ಲು ಎಂದರೆ ಸುಣ್ಣಕಲ್ಲು. ಕಡಪ, ತಾಡಿಪತ್ರಿ, ಬೇತಂಚೆರ್ಲ ಕಡೆ ಪದರ ಪದರವಾಗಿ ಸಿಗುತ್ತದೆ. ಇಂಥ ಹಾಸುಗಲ್ಲಿಗೆ ತೆಲುಗಿನಲ್ಲಿ ನಾಪರಾಯಿ ಎನ್ನುತ್ತಾರೆ. ಆ ಹೆಸರು ಕೇಳಿ ಬೇರೇನೋ ಎಂದುಕೊಳ್ಳಬೇಡಿ. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲೂ ಇದೇ ಜಾತಿಯದು. ಅಗ್ಗ, ಗಟ್ಟಿ, ಕಪಾಟಿನ ಹಲಗೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಹುಳಿ ತಾಗಿದರೆ ಸುಣ್ಣಕಲ್ಲು ಕರಗುತ್ತದೆ. ನಿಂಬೆರಸ, ಹುಣಸೆಹುಳಿ, ಮಜ್ಜಿಗೆ ಚೆಲ್ಲಿ ಹಾಗೇ ಬಿಟ್ಟರೆ ಹೊಳಪು ಹೋಗಿ ಮಾಸಲು ಕಲೆ ನಿಲ್ಲುತ್ತದೆ. ದಿನಾ ಸಾರು ಮಾಡುವ ಮನೆಯಲ್ಲಿ ಇದನ್ನು ತಪ್ಪಿಸುವುದು ಹೇಗೆ? ಜೊತೆಗೆ ನಮ್ಮ ಬೋರ್‌ವೆಲ್ ಗಡಸು ನೀರು ಬಿಳಿ ಕರೆ ಕಟ್ಟುತ್ತದೆ, ಅದನ್ನು ತೆಗೆಯಲು ಬಚ್ಚಲಿನ ಆಸಿಡ್ ಹಾಕಿ ತಿಕ್ಕಿದರೆ ಕಲ್ಲಿನ ಕಥೆ ಅಲ್ಲಿಗೆ ಮುಗಿಯಿತು.

ಗ್ರಾನೈಟ್ ನಮಗೆ ಹೊಸದಲ್ಲ. ಲೇಪಾಕ್ಷಿಯ ಬಸವಣ್ಣ ಇರುವುದೇ ಒಂದೇ ಗ್ರಾನೈಟ್ ಬಂಡೆಯಲ್ಲಿ. ಪಾವಗಡ, ಮಧುಗಿರಿಯ ಬೆಟ್ಟಗಳೂ ಅದೇ ಜಾತಿ. ಗಡಸುತನದ 1ರಿಂದ 10ರ ಮೋಸ್ ಅಳತೆಯಲ್ಲಿ ಗ್ರಾನೈಟ್ ಸುಮಾರು 6ರಿಂದ 7, ಸುಣ್ಣಕಲ್ಲು 3ರ ಆಸುಪಾಸು. ಚಾಕು ತಾಗಿದರೆ ಗೀರು ಬೀಳದು, ಒಲೆಯಿಂದ ಇಳಿಸಿದ ಮುದ್ದೆಯ ಪಾತ್ರೆ ಇಟ್ಟರೂ ಸಾಮಾನ್ಯವಾಗಿ ಏನೂ ಆಗದು, ಅಡುಗೆಯ ಹುಳಿ ಏನೂ ಮಾಡದು. ತಿಳಿಬಣ್ಣದ ಕಲ್ಲು ಮಾತ್ರ ಎಣ್ಣೆ, ಅರಿಶಿನ ಹೀರಬಹುದು, ಸೀಲರ್ ಹಚ್ಚಿಸಬೇಕು. ನಮ್ಮ ಅಡುಗೆಗೆ ನನ್ನ ಮತ ಕಡುಬಣ್ಣದ ಗ್ರಾನೈಟಿಗೇ.

ಆದರೆ ಕಪ್ಪೆಲ್ಲ ನಿಜವಾದ ಕಪ್ಪಲ್ಲ. ಬೂದುಬಣ್ಣದ ಕಲ್ಲಿಗೆ ಬಣ್ಣ ಹಚ್ಚಿ ಕಪ್ಪೆಂದು ಮಾರುವುದುಂಟು. ಬಿಳಿ ಬಟ್ಟೆಗೆ ಉಗುರುಬಣ್ಣ ತೆಗೆಯುವ ದ್ರವ ಹಾಕಿ ಕಲ್ಲಿನ ಮೂಲೆಯನ್ನು ಉಜ್ಜಿ; ಬಟ್ಟೆ ಕಪ್ಪಾದರೆ ಮುಂದಿನ ಅಂಗಡಿಗೆ ಹೋಗಿ. ಇನ್ನೊಂದು ಪರೀಕ್ಷೆ, ತುಂಡು ಕಲ್ಲು ಕೇಳಿ ತಂದು ನಿಂಬೆರಸ ಮತ್ತು ಎಣ್ಣೆಯ ತೊಟ್ಟುಗಳನ್ನು ರಾತ್ರಿಯಿಡೀ ಬಿಡುವುದು. ಅಂಗಡಿಯವರು ಗೊಣಗಿದರೂ ತುಂಡು ಕೊಡುತ್ತಾರೆ.

ಕೋರಿಯನ್ ಎಂಬುದು ಒಂದು ಬ್ರ್ಯಾಂಡಿನ ಹೆಸರು. ಅಮೆರಿಕದ ಡ್ಯೂಪಾಂಟ್ 1967ರಲ್ಲಿ ಕಂಡುಹಿಡಿದದ್ದು. ಈ ಬಗೆಯ ವಸ್ತುವಿಗೆ ಸಾಲಿಡ್ ಸರ್ಫೇಸ್ ಎನ್ನುತ್ತಾರೆ. ಸುಮಾರು ಮೂರರಲ್ಲಿ ಒಂದು ಪಾಲು ಅಕ್ರಿಲಿಕ್, ಉಳಿದದ್ದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪುಡಿ. ಸಂದು ಕಾಣದಂತೆ ಸಿಂಕಿನ ಸಮೇತ ಕೂಡಿಸಬಹುದು, ನೀರು ಹೀರದು, ಗೀರು ಬಿದ್ದರೆ ಉಪ್ಪುಕಾಗದ ತಿಕ್ಕಿ ತೆಗೆಯಬಹುದು. ಆದರೆ ಗೀರು ಬೇಗ ಬೀಳುತ್ತದೆ. ಕಾದ ಬಾಣಲೆ ಇಟ್ಟರೆ ಗುರುತು ಬೀಳುತ್ತದೆ, ಕೆಲವೊಮ್ಮೆ ಬಿರುಕೂ. ಕೂರಿಸಲು ತರಬೇತಾದವರೇ ಬೇಕು, ಅವರು ಬೆಂಗಳೂರಿನಿಂದ ಬರಬೇಕಾದರೆ ರಿಪೇರಿಗೂ ಅಲ್ಲಿಂದಲೇ ಬರಬೇಕು ಎಂಬುದು ನೆನಪಿರಲಿ.

ಕ್ವಾರ್ಟ್ಜ್ ಎಂದು ಮಾರುವುದು ಗಣಿಯಿಂದ ಬಂದ ಚಪ್ಪಡಿಯಲ್ಲ. ಸುಮಾರು 90 ಭಾಗ ಕ್ವಾರ್ಟ್ಜ್ ಪುಡಿಯನ್ನು ರೆಸಿನ್ ಜೊತೆ ಒತ್ತಿ ಮಾಡಿದ್ದು. ನೋಡಲು ಚೆಂದ, ಕಲೆ ಹಿಡಿಯುವುದು ಕಡಿಮೆ, ಹೆಚ್ಚು ಬಿಸಿಗೆ ರೆಸಿನ್ ಹಳದಿಯಾಗುತ್ತದೆ. ಇದನ್ನು ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ತರುತ್ತದೆ. ಈ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇದನ್ನು ನಿಷೇಧಿಸಿದೆ. ಗ್ರಾನೈಟಿನಲ್ಲೂ ಸಿಲಿಕಾ ಉಂಟು, ಪ್ರಮಾಣ ಕಡಿಮೆ ಅಷ್ಟೆ. ನಮ್ಮೂರುಗಳಲ್ಲಿ ಹುಡುಗರು ಮೂಗಿಗೆ ಟವೆಲ್ಲು ಕಟ್ಟಿಕೊಂಡು ಮನೆಯೊಳಗೇ ಒಣಕಲ್ಲು ಕೊಯ್ಯುತ್ತಾರೆ. ಟವೆಲ್ಲು ಆ ಧೂಳನ್ನು ತಡೆಯದು. ಅಳತೆ ಕೊಟ್ಟು ಕಾರ್ಖಾನೆಯಲ್ಲೇ ಕೊಯ್ಸಿ, ಮನೆಯಲ್ಲಿ ಉಳಿದ ಕೆಲಸಕ್ಕೆ ನೀರು ಬಿಡುತ್ತಾ ಕೊಯ್ಯುವಂತೆ ಹೇಳಿ. ಅರ್ಧ ದಿನದ ಕೂಲಿ ಹೆಚ್ಚಾದರೆ ಆಗಲಿ.

ಲೆಕ್ಕದ ವಿಷಯ. 10 ಅಡಿ ಉದ್ದ, 2 ಅಡಿ ಅಗಲದ ಕಟ್ಟೆಗೆ 20 ಚದರಡಿ. ಸಿಂಕಿಗೆ ಕೊಯ್ದು ತೆಗೆದ ಭಾಗಕ್ಕೂ ಹಣ ಹಿಡಿಯುತ್ತಾರೆ, ಅಂಚು ಉರುಟು ಮಾಡುವುದಕ್ಕೆ ಅಡಿ ಲೆಕ್ಕದಲ್ಲಿ ಬೇರೆ. ಇವೆರಡನ್ನೂ ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಕಲ್ಲಿನ ದಪ್ಪವನ್ನು ಬಾಯಿಮಾತಿಗೆ ಬಿಡದೆ ಟೇಪಿನಲ್ಲಿ ನೋಡಿ, 18ರಿಂದ 20 ಮಿಲಿಮೀಟರ್ ಇರಲಿ. ಎಲ್ಲ ಚಪ್ಪಡಿಗಳನ್ನೂ ಒಂದೇ ಬ್ಲಾಕಿನಿಂದ ತೆಗೆಸಿ, ಇಲ್ಲವಾದರೆ ಬಣ್ಣ ಹೊಂದದು. ಕಟ್ಟೆಯ ಎತ್ತರವನ್ನು ಮೇಸ್ತ್ರಿ ತನ್ನ ರೂಢಿಯಂತೆ ಇಟ್ಟುಬಿಡುತ್ತಾನೆ. ಅಡುಗೆ ಮಾಡುವವರನ್ನೇ ನಿಲ್ಲಿಸಿ, ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗೆ ಗುರುತು ಹಾಕಿಸಿ.